ಮಗು ಯಾರ ಬಳಿ ಇರಬೇಕು: ಕೋರ್ಟು ಏನು ನೋಡುತ್ತದೆ, ವಕೀಲರು ಯಾವಾಗ ಬೇಕು

ಗಂಡ ಹೆಂಡತಿ ಬೇರೆಯಾಗುವ ಮಾತು ಎದ್ದ ಕೂಡಲೇ ಎರಡೂ ಕಡೆಯ ನೆಂಟರು ಕಾನೂನು ಹೇಳಲು ಶುರು ಮಾಡುತ್ತಾರೆ. "ಐದು ವರ್ಷದ ತನಕ ಮಗು ತಾಯಿಗೇ", "ಗಂಡು ಮಗು ಅಂದ್ರೆ ಅಪ್ಪನಿಗೆ", "ಸಂಬಳ ಇಲ್ಲದವಳಿಗೆ ಕೋರ್ಟು ಮಗು ಕೊಡಲ್ಲ", "ಮೊದಲು ಮಗುನ ಎತ್ಕೊಂಡು ಬಂದುಬಿಡು, ಆಮೇಲೆ ನೋಡ್ಕೊಳ್ಳೋಣ". ಮೊದಲನೆಯದು ಅರ್ಧ ಸತ್ಯ, ನಡುವಿನ ಎರಡು ಸುಳ್ಳು, ಕೊನೆಯದು ಅಪಾಯ. ಆ ಕೊನೆಯ ಸಲಹೆ ಕೇಳಿ ಎಷ್ಟೋ ತಂದೆ ತಾಯಂದಿರು ತಮ್ಮ ಕೇಸನ್ನು ಮೊದಲ ದಿನವೇ ಹಾಳು ಮಾಡಿಕೊಳ್ಳುತ್ತಾರೆ.

ಕರ್ನಾಟಕದ ಕೌಟುಂಬಿಕ ನ್ಯಾಯಾಲಯಗಳಲ್ಲಿ ಮಗುವಿನ ಕಸ್ಟಡಿ ಕೇಸು ಹೇಗೆ ಸಾಗುತ್ತದೆ, ಎಲ್ಲಿಯವರೆಗೆ ನೀವೇ ನಿಭಾಯಿಸಬಹುದು, ಎಲ್ಲಿಂದಾಚೆ ವಕೀಲರಿಲ್ಲದೆ ಹೆಜ್ಜೆ ಇಡಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಒಂದು ಸಂಗತಿ ಮೊದಲೇ ಮನಸ್ಸಿನಲ್ಲಿರಲಿ. ನಿಮ್ಮಿಬ್ಬರಲ್ಲಿ ಯಾರು ಒಳ್ಳೆಯ ಗಂಡ, ಯಾರು ಒಳ್ಳೆಯ ಹೆಂಡತಿ ಎಂಬ ಪ್ರಶ್ನೆ ಈ ಅರ್ಜಿಯಲ್ಲಿ ದೊಡ್ಡದಲ್ಲ. ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಮಗುವಿನ ದಿನ ಯಾರ ಕೈಯಲ್ಲಿ ಸುಸೂತ್ರವಾಗಿ ನಡೆಯುತ್ತದೆ ಎಂಬುದೇ ದೊಡ್ಡದು.

ಕಾನೂನು ನಿಜಕ್ಕೂ ಏನು ಹೇಳುತ್ತದೆ

1890ರ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಹಿಂದೂಗಳಿಗೆ ಅದರ ಜೊತೆಗೆ 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವ ಕಾಯ್ದೆ ಇದೆ. ಡೈವೋರ್ಸ್ ಕೇಸು ಈಗಾಗಲೇ ನಡೆಯುತ್ತಿದ್ದರೆ ಅದರೊಳಗೇ ಮಗುವಿನ ಬಗ್ಗೆ ಕೇಳಬಹುದು: ಹಿಂದೂ ವಿವಾಹ ಕಾಯ್ದೆಯಲ್ಲಿ 26ನೇ ಕಲಂ, ವಿಶೇಷ ವಿವಾಹ ಕಾಯ್ದೆಯಲ್ಲಿ 38ನೇ ಕಲಂ, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯಲ್ಲಿ 41ರಿಂದ ಮುಂದಿನ ಕಲಮುಗಳು ಇದಕ್ಕೇ ಇವೆ.

ಐದು ವರ್ಷದ ಮಾತು ಬರುವುದು 1956ರ ಕಾಯ್ದೆಯ 6ನೇ ಕಲಮಿನಿಂದ. ಐದು ತುಂಬದ ಮಗು "ಸಾಮಾನ್ಯವಾಗಿ" ತಾಯಿಯ ಬಳಿ ಇರಬೇಕು ಎಂದು ಅದು ಹೇಳುತ್ತದೆ. 2015ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನೂ ಬಿಗಿ ಮಾಡಿತು. ಅಷ್ಟು ಚಿಕ್ಕ ಮಗುವಿನ ವಿಷಯದಲ್ಲಿ ತಾಯಿ ತನ್ನ ಯೋಗ್ಯತೆ ಸಾಬೀತು ಮಾಡಬೇಕಿಲ್ಲ, ಆಕೆ ತಕ್ಕವಳಲ್ಲ ಎಂದು ತಂದೆಯೇ ತೋರಿಸಬೇಕು ಎಂದಿತು. ಆದರೆ ಐದನೇ ಹುಟ್ಟುಹಬ್ಬದ ಮರುದಿನ ಮಗು ತಾನಾಗಿ ತಂದೆಗೆ ಹೋಗುವುದಿಲ್ಲ. ಅದೇ ಕಾಯ್ದೆಯ 13ನೇ ಕಲಮಿನ ಪ್ರಕಾರ ಮಗುವಿನ ಕ್ಷೇಮವೇ ಪರಮ ಪರಿಗಣನೆ, ಉಳಿದದ್ದೆಲ್ಲ ಅದರ ಕೆಳಗೆ.

ತಂದೆಯೇ ಸ್ವಾಭಾವಿಕ ಪೋಷಕ, ಅವನ "ನಂತರ" ತಾಯಿ ಎಂದು 6ನೇ ಕಲಂ ಹೇಳುವುದನ್ನು ಹಿಡಿದು ಕೆಲವು ತಂದೆಯರು ವಾದಿಸುತ್ತಾರೆ. ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲೇ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿದೆ. ತಂದೆ ಬದುಕಿದ್ದರೂ ಮಗುವಿನ ಹೊಣೆ ಹೊರದಿದ್ದಾಗ ತಾಯಿ ಪೋಷಕಿಯಾಗಿ ನಡೆದುಕೊಳ್ಳಬಹುದು. ಮುಸ್ಲಿಂ ಕುಟುಂಬಗಳಲ್ಲಿ ಹನಫಿ ಪದ್ಧತಿಯಂತೆ ಗಂಡು ಮಗು ಏಳು ವರ್ಷದವರೆಗೆ, ಹೆಣ್ಣು ಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಬಳಿ ಇರುವುದು ರೂಢಿ. ಅಲ್ಲೂ ಕೋರ್ಟು ಕೊನೆಗೆ ತೂಗುವುದು ಮಗುವಿನ ಹಿತವನ್ನೇ.

ಹೆಜ್ಜೆ 1: ಮಗುವನ್ನು ಎತ್ತಿಕೊಂಡು ಹೋಗುವ ಯೋಚನೆ ಬಿಡಿ

ಶಾಲೆಯ ಗೇಟಿನಿಂದ ಮಗುವನ್ನು ಕರೆದುಕೊಂಡು ಬೇರೆ ಊರಿಗೆ ಹೋಗುವುದು, "ಎರಡು ದಿನಕ್ಕೆ ಅಂತ" ಕರೆದೊಯ್ದು ವಾಪಸ್ ಬಿಡದಿರುವುದು, ಫೋನ್ ಆಫ್ ಮಾಡಿಕೊಳ್ಳುವುದು ಇವೆಲ್ಲ ಜಡ್ಜ್ ಮುಂದೆ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತವೆ. ಮಗುವಿನ ಮೇಲೆ ಪ್ರೀತಿ ಇದ್ದವರು ಅದರ ಶಾಲೆ, ಗೆಳೆಯರು, ಮಲಗುವ ಹಾಸಿಗೆ ಎಲ್ಲವನ್ನೂ ಒಂದೇ ದಿನ ಕಿತ್ತುಕೊಳ್ಳುವುದಿಲ್ಲ ಎಂಬುದು ಅಲ್ಲಿನ ಲೆಕ್ಕ. ಎದುರಿನವರು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ) ಹಾಕಿದರೆ ಮಗುವನ್ನು ಬೆಂಗಳೂರಿಗೋ ಧಾರವಾಡ ಅಥವಾ ಕಲಬುರಗಿ ಪೀಠಕ್ಕೋ ಪೊಲೀಸರ ಜೊತೆ ಹಾಜರುಪಡಿಸಬೇಕಾದ ಪರಿಸ್ಥಿತಿ ಬರಬಹುದು.

ಇದಕ್ಕೊಂದು ಅಪವಾದ ಇದೆ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ನಿಮಗೋ ಮಗುವಿಗೋ ಅಪಾಯ ಇದ್ದರೆ, ಮಗುವಿನೊಂದಿಗೆ ಸುರಕ್ಷಿತ ಜಾಗಕ್ಕೆ ಹೋಗಿ. ಹೋದ ದಿನವೇ ಅದನ್ನು ದಾಖಲೆ ಮಾಡಿ: 112ಕ್ಕೆ ಕರೆ, ಮಹಿಳಾ ಸಹಾಯವಾಣಿ 181, ಸರ್ಕಾರಿ ಆಸ್ಪತ್ರೆಯ ಚೀಟಿ, ಠಾಣೆಯಲ್ಲಿ ಕೊಟ್ಟ ದೂರಿನ ಹಿಂಬರಹ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಕಲಮಿನಡಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಮಗುವಿನ ತಾತ್ಕಾಲಿಕ ಕಸ್ಟಡಿ ಕೇಳಬಹುದು.

ಇನ್ನೊಂದು ತಪ್ಪು ತಿಳಿವಳಿಕೆ ಪೊಲೀಸ್ ಠಾಣೆಯದು. ಮಗು ಅಪ್ಪನ ಬಳಿ ಇರಬೇಕೋ ಅಮ್ಮನ ಬಳಿ ಇರಬೇಕೋ ಎಂದು ತೀರ್ಮಾನಿಸುವ ಅಧಿಕಾರ ಇನ್‌ಸ್ಪೆಕ್ಟರಿಗೆ ಇಲ್ಲ. ಠಾಣೆಯಲ್ಲಿ ರಾಜಿ ಪತ್ರಕ್ಕೆ ಸಹಿ ಹಾಕಿಸಿಕೊಂಡು ಮಗುವನ್ನು ಒಬ್ಬರಿಗೆ ಒಪ್ಪಿಸುವುದು ಈಗಲೂ ನಡೆಯುತ್ತದೆ. ಓದದೆ ಸಹಿ ಹಾಕಬೇಡಿ. "ವಕೀಲರನ್ನ ಕೇಳಿ ಹೇಳ್ತೀನಿ ಸಾರ್" ಎನ್ನುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಹೆಜ್ಜೆ 2: ಯಾವ ಊರಿನ ಕೋರ್ಟು?

1890ರ ಕಾಯ್ದೆಯ 9ನೇ ಕಲಂ ಪ್ರಕಾರ ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಕೋರ್ಟಿಗೆ ಅಧಿಕಾರ. ನಿಮ್ಮ ಮದುವೆ ಆದ ಊರು, ಪಡಿತರ ಚೀಟಿಯ ವಿಳಾಸ ಇಲ್ಲಿ ಮುಖ್ಯವಲ್ಲ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಒಂದನೇ ಕ್ಲಾಸ್ ಓದುತ್ತಿದ್ದ ಹುಡುಗಿಯನ್ನು ತಾಯಿ ಹಾಸನದ ತವರಿಗೆ ಕರೆತಂದು ಎರಡು ತಿಂಗಳಾಗಿದೆ. ತಂದೆ ಬೆಂಗಳೂರಿನಲ್ಲಿ ಅರ್ಜಿ ಹಾಕುತ್ತಾನೆ, ತಾಯಿ ಹಾಸನವೇ ಸರಿ ಎನ್ನುತ್ತಾಳೆ. ಹಾಸನದ ಶಾಲೆಗೆ ಟಿ.ಸಿ. ಕೊಟ್ಟು ಸೇರಿಸಲಾಗಿದೆಯೇ, ಹೋದದ್ದು ಬೇಸಿಗೆ ರಜೆಗೋ ನೆಲೆಸುವುದಕ್ಕೋ ಎಂಬ ವಾಸ್ತವ ಸಂಗತಿಗಳ ಮೇಲೆ ಇದು ನಿಲ್ಲುತ್ತದೆ. ಈ ಒಂದು ಜಗಳಕ್ಕೇ ತಿಂಗಳುಗಟ್ಟಲೆ ಹೋಗಬಹುದು.

ತಪ್ಪು ಊರಿನಲ್ಲಿ ಅರ್ಜಿ ಹಾಕಿದರೆ ಅದು ವಾಪಸ್ ಬರುತ್ತದೆ, ಅಷ್ಟರಲ್ಲಿ ಮಗು ಹೊಸ ಜಾಗಕ್ಕೆ ಒಗ್ಗಿರುತ್ತದೆ. ಹೀಗೆ ಎರಡು ಊರುಗಳ ಪ್ರಶ್ನೆ ಇದ್ದರೆ ಅರ್ಜಿ ಬರೆಯುವ ಮೊದಲೇ ವಕೀಲರ ಅಭಿಪ್ರಾಯ ಪಡೆಯಿರಿ. ಕೇಸು ದೂರದ ಊರಿನಲ್ಲಿ ದಾಖಲಾಗಿ ಪ್ರತಿ ವಾಯಿದೆಗೂ ಕೈಕೂಸನ್ನು ಎತ್ತಿಕೊಂಡು ಬಸ್ ಹತ್ತಬೇಕಾಗಿದ್ದರೆ, ರಾಜ್ಯದೊಳಗಿನ ವರ್ಗಾವಣೆಗೆ ಹೈಕೋರ್ಟನ್ನು, ಬೇರೆ ರಾಜ್ಯದಿಂದ ವರ್ಗಾವಣೆಗೆ ಸುಪ್ರೀಂ ಕೋರ್ಟನ್ನು ಕೇಳಬಹುದು.

ಕೌಟುಂಬಿಕ ನ್ಯಾಯಾಲಯ ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯದಲ್ಲಿ ಕೇಸು ನಡೆಯುತ್ತದೆ. ಬೆಂಗಳೂರಿನವರು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಬೇಕು.

ಹೆಜ್ಜೆ 3: ಮಗುವಿನ ದಿನಚರಿಯನ್ನು ಕಾಗದದಲ್ಲಿ ತೋರಿಸಿ

ನನ್ನ ಮಟ್ಟಿಗೆ ಇಡೀ ಕೇಸಿನಲ್ಲಿ ಅತಿ ಮುಖ್ಯ ಕೆಲಸ ಇದೇ. ಜನ ಅತಿ ಕಡಿಮೆ ಗಮನ ಕೊಡುವುದೂ ಇದಕ್ಕೇ. ಅತ್ತೆ ಬೈದದ್ದು, ಗಂಡ ತಡವಾಗಿ ಬಂದದ್ದು, ಹೆಂಡತಿಯ ವಾಟ್ಸ್ಆ್ಯಪ್ ಚಾಟು ಇವುಗಳ ಕಟ್ಟು ಕಟ್ಟು ಪ್ರಿಂಟ್ ತರುತ್ತಾರೆ. ಮಗುವಿನ ಲಸಿಕೆ ಕಾರ್ಡ್ ಎಲ್ಲಿದೆ ಎಂದು ಕೇಳಿದರೆ ಗೊತ್ತಿರುವುದಿಲ್ಲ.

ಒಂದು ಸಾದಾ ನೋಟ್‌ಬುಕ್ ತೆಗೆದುಕೊಳ್ಳಿ. ಮಗುವನ್ನು ಬೆಳಿಗ್ಗೆ ಎಬ್ಬಿಸುವವರು ಯಾರು, ಟಿಫನ್ ಡಬ್ಬಿ ಕಟ್ಟುವವರು ಯಾರು, ಶಾಲೆಯ ವ್ಯಾನಿನವರು ಯಾರ ನಂಬರಿಗೆ ಫೋನ್ ಮಾಡುತ್ತಾರೆ, ಪೇರೆಂಟ್ಸ್ ಮೀಟಿಂಗಿನ ಹಾಜರಿ ಪುಸ್ತಕದಲ್ಲಿ ಯಾರ ಸಹಿ ಇದೆ, ಜ್ವರ ಬಂದಾಗ ರಾತ್ರಿ ಯಾರು ಎದ್ದಿದ್ದರು, ಡಾಕ್ಟರ ಚೀಟಿಯಲ್ಲಿ ಯಾರ ಹೆಸರು ಇದೆ, ಫೀಸು ಯಾರ ಖಾತೆಯಿಂದ ಹೋಗಿದೆ, ಎಲ್ಲ ಬರೆಯಿರಿ. ನಂತರ ಒಂದೊಂದಕ್ಕೂ ಕಾಗದ ಹುಡುಕಿ. ಶಾಲೆಯ ಡೈರಿ, ಫೀಸ್ ರಸೀದಿ, ಲಸಿಕೆ ಕಾರ್ಡ್, ಆಸ್ಪತ್ರೆ ಬಿಲ್ಲು, ಕ್ಲಾಸ್ ಟೀಚರ್ ಜೊತೆಗಿನ ಮೆಸೇಜುಗಳು. ಶಾಲೆಯ ಡೈರಿಯಲ್ಲಿ "ನಾಳೆ ಬಣ್ಣದ ಪೆನ್ಸಿಲ್ ಕಳುಹಿಸಿ" ಎಂಬ ಸಾಲಿನ ಕೆಳಗೆ ಇಡೀ ವರ್ಷ ಒಬ್ಬರದೇ ಸಹಿ ಇದ್ದರೆ ಆ ಡೈರಿ ಹತ್ತು ಜನರ ಪ್ರಮಾಣಪತ್ರಕ್ಕಿಂತ ಹೆಚ್ಚು ಹೇಳುತ್ತದೆ.

ನೀವು ಇದುವರೆಗೆ ದುಡಿಮೆಯಲ್ಲೇ ಮುಳುಗಿ ಇವೆಲ್ಲ ಇನ್ನೊಬ್ಬರ ಪಾಲಿಗೆ ಬಿಟ್ಟಿದ್ದರೆ ಸುಳ್ಳು ದಾಖಲೆ ಸೃಷ್ಟಿಸಲು ಹೋಗಬೇಡಿ. ಮುಂದೆ ಏನು ಮಾಡುತ್ತೀರಿ ಎಂಬುದನ್ನು ಖಚಿತವಾಗಿ ಹೇಳಿ. ಮಗು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ? ಅಜ್ಜಿ ಇರುತ್ತಾರೆ ಎಂದರೆ ಅಜ್ಜಿಗೆ ಆರೋಗ್ಯ ಇದೆಯೇ? ವಾರದಲ್ಲಿ ಎಷ್ಟು ದಿನ ಮನೆಯಿಂದ ಕೆಲಸ? ಇಂಥ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸುವ ತಂದೆಗೆ ಕೋರ್ಟು ಕಿವಿಗೊಡುತ್ತದೆ.

ಗುಟ್ಟಾಗಿ ಮಾಡಿದ ರೆಕಾರ್ಡಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಗಂಡ ಹೆಂಡತಿಯ ನಡುವಿನ ರಹಸ್ಯ ರೆಕಾರ್ಡಿಂಗನ್ನು ವೈವಾಹಿಕ ಕೇಸಿನಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟು 2025ರಲ್ಲಿ ಹೇಳಿದೆ. ಆದರೆ ಮಗುವಿನ ಮುಂದೆ ಮೊಬೈಲ್ ಹಿಡಿದು "ಅಪ್ಪ ಏನಂದ್ರು ಹೇಳು, ಇನ್ನೊಂದ್ಸಲ ಹೇಳು" ಎಂದು ವಿಡಿಯೊ ಮಾಡುವುದು ಬೇರೆ ಮಾತು. ಕೋರ್ಟಿನಲ್ಲಿ ಅದು ನಿಮಗೇ ತಿರುಗಿ ಬೀಳಬಹುದು. ಅದಕ್ಕಿಂತ ಮುಖ್ಯವಾಗಿ, ಆ ಕ್ಷಣದಲ್ಲಿ ಮಗುವಿಗೆ ಏನಾಗುತ್ತದೆ ಎಂದು ಯೋಚಿಸಿ.

ಹೆಜ್ಜೆ 4: ಅರ್ಜಿ ಮತ್ತು ಮಧ್ಯಂತರ ಆದೇಶ

ಕಸ್ಟಡಿಗೆಂದೇ ಹಾಕುವ ಅರ್ಜಿಗೆ ಜಿ ಆಂಡ್ ಡಬ್ಲ್ಯು.ಸಿ. ಎಂಬ ಸಂಖ್ಯೆ ಬೀಳುತ್ತದೆ, ಡೈವೋರ್ಸ್ ಮುಂತಾದ ವೈವಾಹಿಕ ಅರ್ಜಿಗಳಿಗೆ ಎಂ.ಸಿ. ಸಂಖ್ಯೆ. ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು. ನೋಂದಣಿಯಾದ ಮೇಲೆ ಸಿಗುವ 16 ಅಕ್ಷರ–ಅಂಕಿಗಳ ಸಿ.ಎನ್.ಆರ್. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ದಿನಾಂಕ ತಿಳಿಯುತ್ತದೆ.

ಮುಖ್ಯ ಅರ್ಜಿ ಮುಗಿಯಲು ವರ್ಷಗಳೇ ಹಿಡಿಯಬಹುದು. ಹಾಗಾಗಿ ಮೊದಲ ದಿನವೇ ಮಧ್ಯಂತರ ಅರ್ಜಿ, ಅಂದರೆ ಐ.ಎ., ಹಾಕುವುದು ಅಗತ್ಯ. ಅದರಲ್ಲಿ ಕೇಸು ಮುಗಿಯುವವರೆಗೆ ಮಗು ಎಲ್ಲಿರಬೇಕು, ಇನ್ನೊಬ್ಬರು ಯಾವಾಗ ನೋಡಬಹುದು, ಕೋರ್ಟಿನ ಅನುಮತಿ ಇಲ್ಲದೆ ಊರು ಬಿಟ್ಟು ಅಥವಾ ದೇಶ ಬಿಟ್ಟು ಕರೆದೊಯ್ಯಬಾರದು ಎಂಬುದನ್ನೆಲ್ಲ ಕೇಳಬಹುದು. 1890ರ ಕಾಯ್ದೆಯ 12ನೇ ಕಲಂ ಇದಕ್ಕೆ ಆಧಾರ.

ಮಧ್ಯಂತರ ಆದೇಶವನ್ನು "ತಾತ್ಕಾಲಿಕ ತಾನೇ" ಎಂದು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಎರಡು ವರ್ಷ ಮಗು ಒಬ್ಬರ ಬಳಿ ಬೆಳೆದು, ಅಲ್ಲಿನ ಶಾಲೆಗೆ ಒಗ್ಗಿದ ಮೇಲೆ ಅಂತಿಮ ತೀರ್ಪಿನಲ್ಲಿ ಅದನ್ನು ಕದಲಿಸಲು ಯಾವ ಜಡ್ಜೂ ಹಿಂಜರಿಯುತ್ತಾರೆ. ಸಮನ್ಸ್ ಬಂದಿದ್ದರೆ ಆ ದಿನ ಹಾಜರಾಗಲೇಬೇಕು. ಹೋಗದಿದ್ದರೆ ನಿಮ್ಮನ್ನು ಎಕ್ಸ್‌ಪಾರ್ಟಿ (ಗೈರುಹಾಜರಾದ ಕಕ್ಷಿ) ಎಂದು ಬರೆದುಕೊಂಡು ಕೇಸು ಮುಂದುವರಿಯುತ್ತದೆ.

ಜೀವನಾಂಶ ಕೇಳುವುದಿದ್ದರೆ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ದೇಶದಾದ್ಯಂತ ಕಡ್ಡಾಯ ಮಾಡಿದೆ.

ಹೆಜ್ಜೆ 5: ಸಂಧಾನದ ಮೇಜಿನಲ್ಲಿ ಸಣ್ಣ ಸಣ್ಣದ್ದನ್ನೂ ಬರೆಸಿ

1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 9ನೇ ಕಲಂ ಪ್ರಕಾರ ರಾಜಿಗೆ ಪ್ರಯತ್ನಿಸುವುದು ಕೋರ್ಟಿನ ಕರ್ತವ್ಯ. ಹಾಗಾಗಿ ನಿಮ್ಮನ್ನು ಆಪ್ತ ಸಮಾಲೋಚಕರ ಬಳಿಗೋ ಮೀಡಿಯೇಶನ್ ಕೇಂದ್ರಕ್ಕೋ ಕಳುಹಿಸುತ್ತಾರೆ. ಅಲ್ಲಿ ಆಡಿದ ಮಾತು ಗೋಪ್ಯ, ಅದನ್ನು ಮುಂದೆ ನಿಮ್ಮ ವಿರುದ್ಧ ಬಳಸುವಂತಿಲ್ಲ.

ಗಂಡ ಹೆಂಡತಿಯಾಗಿ ಮತ್ತೆ ಒಂದಾಗಲು ಒಪ್ಪದವರು ಕೂಡ ಮಗುವಿನ ವಿಷಯದಲ್ಲಿ ಒಪ್ಪಂದಕ್ಕೆ ಬರಬಹುದು. ಎರಡೂ ಬೇರೆ ಬೇರೆ. ಆದರೆ ಬಹಳಷ್ಟು ಒಪ್ಪಂದಗಳು ಒಂದೇ ಸಾಲಿನಲ್ಲಿ ಮುಗಿಯುತ್ತವೆ: "ತಂದೆಗೆ ಭೇಟಿಯ ಹಕ್ಕು ಇರತಕ್ಕದ್ದು." ಎಷ್ಟು ದಿನ, ಎಲ್ಲಿ, ಎಷ್ಟು ಹೊತ್ತು ಎಂದು ಬರೆಯದ ಆ ಸಾಲಿನಿಂದಲೇ ಮುಂದಿನ ಐದು ವರ್ಷದ ಜಗಳ ಹುಟ್ಟುತ್ತದೆ. ಮೇಲಿನ ಹಾಸನದ ಉದಾಹರಣೆಯಲ್ಲಿ ಹೀಗೆ ಬರೆಸಬಹುದು:

"ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10 ಗಂಟೆಗೆ ತಂದೆ ಹಾಸನದಲ್ಲಿ ತಾಯಿಯ ಮನೆಯ ಬಾಗಿಲಿನಿಂದ ಮಗುವನ್ನು ಕರೆದುಕೊಂಡು ಭಾನುವಾರ ಸಂಜೆ 5ಕ್ಕೆ ಅಲ್ಲಿಗೇ ಬಿಡುವುದು. ಮಗುವಿಗೆ ಹುಷಾರಿಲ್ಲದಿದ್ದರೆ ಹಿಂದಿನ ದಿನವೇ ತಿಳಿಸಿ ಮುಂದಿನ ಶನಿವಾರ ಸರಿದೂಗಿಸುವುದು. ಪ್ರತಿದಿನ ಸಂಜೆ 7ರಿಂದ 7:15ರೊಳಗೆ ವಿಡಿಯೊ ಕಾಲ್. ದಸರಾ ರಜೆಯ ಮೊದಲರ್ಧ ತಂದೆಯ ಬಳಿ, ದ್ವಿತೀಯಾರ್ಧ ತಾಯಿಯ ಬಳಿ, ಮರುವರ್ಷ ಅದಲುಬದಲು. ಬೇಸಿಗೆ ರಜೆ ಸಮಪಾಲು. ಯುಗಾದಿ ಒಬ್ಬರಲ್ಲಿ, ದೀಪಾವಳಿ ಇನ್ನೊಬ್ಬರಲ್ಲಿ."

ಇದರ ಜೊತೆಗೆ ಇನ್ನೂ ಕೆಲವನ್ನು ಸೇರಿಸಿ. ಶಾಲೆ ಬದಲಾಯಿಸಬೇಕಾದರೆ ಇಬ್ಬರ ಒಪ್ಪಿಗೆ, ಆಪರೇಷನ್ನಿನಂಥ ಚಿಕಿತ್ಸೆಗೆ ಇಬ್ಬರಿಗೂ ಮಾಹಿತಿ, ಫೀಸಿನಲ್ಲಿ ಯಾರದೆಷ್ಟು ಮತ್ತು ವರ್ಷಕ್ಕೆಷ್ಟು ಏರಿಕೆ, ಪಾಸ್‌ಪೋರ್ಟ್ ಯಾರ ಬಳಿ ಇರಬೇಕು. ಕಿವಿ ಚುಚ್ಚುವ ಶಾಸ್ತ್ರ, ಮುಂಜಿ, ಮನೆದೇವರ ಜಾತ್ರೆ, ಅಜ್ಜ ಅಜ್ಜಿಯರ ಭೇಟಿ ಇಂಥವೂ ಇರಲಿ. ಈಗ ಬರೆಯಲು ಬೇಜಾರೆನಿಸಿದರೂ ಜಗಳ ಬರುವುದು ಇವುಗಳಿಗೇ.

ಹೆಜ್ಜೆ 6: ಜಡ್ಜ್ ಮಗುವಿನ ಜೊತೆ ಮಾತಾಡುವ ದಿನ

ತಿಳಿವಳಿಕೆಯಿಂದ ಅಭಿಪ್ರಾಯ ಹೇಳಬಲ್ಲ ವಯಸ್ಸಿನ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದು ಎನ್ನುತ್ತದೆ 1890ರ ಕಾಯ್ದೆಯ 17ನೇ ಕಲಂ. ಇಂತಿಷ್ಟೇ ವಯಸ್ಸು ಎಂದು ಅದು ಗೆರೆ ಎಳೆದಿಲ್ಲ. ಮಗುವಿನ ಮಾತೇ ತೀರ್ಪು ಎಂದೂ ಅಲ್ಲ.

ಸಾಮಾನ್ಯವಾಗಿ ಜಡ್ಜ್ ಮಗುವನ್ನು ಛೇಂಬರಿಗೆ ಕರೆಸಿಕೊಳ್ಳುತ್ತಾರೆ, ಅಪ್ಪ ಅಮ್ಮ ಹೊರಗೆ. ಯಾವ ಕ್ಲಾಸು, ಬೆಸ್ಟ್ ಫ್ರೆಂಡ್ ಯಾರು, ಬೆಳಿಗ್ಗೆ ಏನು ತಿಂದೆ, ಹೋಮ್‌ವರ್ಕ್ ಯಾರು ಮಾಡಿಸ್ತಾರೆ, ಭಾನುವಾರ ಏನು ಮಾಡ್ತೀಯ ಎಂಬಂಥ ಪ್ರಶ್ನೆಗಳು. "ನಿನಗೆ ಯಾರು ಬೇಕು?" ಎಂದು ನೇರವಾಗಿ ಕೇಳುವವರು ಕಡಿಮೆ. ಏಳು ವರ್ಷದ ಮಗು ಇದ್ದಕ್ಕಿದ್ದಂತೆ "ಅಪ್ಪ ಜೀವನಾಂಶ ಕೊಟ್ಟಿಲ್ಲ" ಅಥವಾ "ಅಮ್ಮನ ನಡತೆ ಸರಿಯಿಲ್ಲ" ಎಂದರೆ ಆ ಮಾತು ಎಲ್ಲಿಂದ ಬಂತು ಎಂದು ತಿಳಿಯಲು ಜಡ್ಜ್‌ಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಹೇಳಿಕೊಟ್ಟು ಕಳುಹಿಸಿದವರಿಗೇ ಅದು ಪೆಟ್ಟು.

ಹಿಂದಿನ ರಾತ್ರಿ ಮಗುವಿಗೆ ಇಷ್ಟು ಹೇಳಿ: "ನಾಳೆ ಒಬ್ಬರು ಆಂಟಿಯೋ ಅಂಕಲ್ಲೋ ನಿನ್ನ ಜೊತೆ ಮಾತಾಡ್ತಾರೆ. ನಿನಗೆ ಗೊತ್ತಿರೋದು ಹೇಳು, ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು. ನೀನು ಏನು ಹೇಳಿದ್ರೂ ನಮಗೆ ಬೇಜಾರಿಲ್ಲ." ಕೊನೆಯ ವಾಕ್ಯವನ್ನು ಬಾಯಿಮಾತಿಗಲ್ಲದೆ ಮನಸ್ಸಿನಿಂದ ಹೇಳಬೇಕು. ಬೇಕೆನಿಸಿದರೆ ಕೋರ್ಟು ಮನೋವೈದ್ಯರ ಅಥವಾ ಮಕ್ಕಳ ತಜ್ಞರ ನೆರವನ್ನೂ ಪಡೆಯುತ್ತದೆ. ವಿಚಾರಣೆ ಮುಚ್ಚಿದ ಬಾಗಿಲಿನ ಹಿಂದೆ ನಡೆಯಲಿ ಎಂದು ಕೇಳುವ ಹಕ್ಕು ನಿಮ್ಮಿಬ್ಬರಿಗೂ ಇದೆ.

ತೀರ್ಪಿನಲ್ಲಿ ಯಾವುದಕ್ಕೆ ಎಷ್ಟು ತೂಕ

ಮಗುವಿನ ವಯಸ್ಸು, ಲಿಂಗ, ಯಾರೊಂದಿಗೆ ಹೊಂದಿಕೆ ಹೆಚ್ಚು, ಪೋಷಕರ ನಡತೆ ಮತ್ತು ಸಾಮರ್ಥ್ಯ, ಈಗಿರುವ ಸ್ಥಿರತೆ, ಅಣ್ಣ ತಂಗಿಯರನ್ನು ಬೇರ್ಪಡಿಸದಿರುವುದು, ಆರೋಗ್ಯ, ಓದು ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ಸಂಬಳ ಒಂದೇ ಮಗುವನ್ನು ಗೆಲ್ಲಿಸಿಕೊಡುವುದಿಲ್ಲ. ದುಡಿಯುವವರು ಜೀವನಾಂಶ ಕೊಡಬಹುದಲ್ಲ. ಮರುಮದುವೆಯಾದ ಮಾತ್ರಕ್ಕೆ ತಾಯಿಯೋ ತಂದೆಯೋ ಅನರ್ಹರಾಗುವುದಿಲ್ಲ, ಆ ಹೊಸ ಮನೆಯಲ್ಲಿ ಮಗುವಿಗೆ ಹೇಗಿದೆ ಎಂಬುದು ಮುಖ್ಯ.

ಹಿಂಸೆಯ ಆರೋಪವನ್ನು ಬದಿಗಿಟ್ಟು ತೀರ್ಪು ಕೊಡುವಂತಿಲ್ಲ. ಹೆಂಡತಿಯ ಸಾವಿಗೆ ಸಂಬಂಧಿಸಿದ ಕ್ರಿಮಿನಲ್ ಕೇಸು ಎದುರಿಸುತ್ತಿದ್ದ ತಂದೆಗೆ ಕೆಳ ಕೋರ್ಟುಗಳು ಮಗುವನ್ನು ಒಪ್ಪಿಸಿದ್ದಾಗ, ಆ ಕೇಸನ್ನೂ ಮಗುವಿನ ಇಷ್ಟವನ್ನೂ ಸರಿಯಾಗಿ ನೋಡಿಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಆ ಆದೇಶಗಳನ್ನು ರದ್ದು ಮಾಡಿತು.

ಇನ್ನೊಬ್ಬ ಪೋಷಕರೊಂದಿಗೆ ಮಗುವಿನ ನಂಟು ಉಳಿಸುವವರು ಯಾರು ಎಂಬುದನ್ನೂ ನೋಡುತ್ತಾರೆ. ಕಸ್ಟಡಿ ಸಿಗದವರಿಗೂ ದಿನಕ್ಕೆ 5–10 ನಿಮಿಷವಾದರೂ ಮಗುವಿನೊಂದಿಗೆ ಮಾತಾಡುವ ಹಕ್ಕು ಇರಬೇಕು ಎಂದು 2020ರ ತೀರ್ಪೊಂದು ಹೇಳಿದೆ. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಜಂಟಿ ಕಸ್ಟಡಿಯನ್ನು ಕಾಯ್ದೆಯಲ್ಲೇ ಸೇರಿಸಲು ಶಿಫಾರಸು ಮಾಡಿತ್ತು. ಅದು ಕಾಯ್ದೆಯಾಗದಿದ್ದರೂ ಇಬ್ಬರೂ ಒಪ್ಪಿದರೆ ಅಂಥ ವ್ಯವಸ್ಥೆಗೆ ಅಡ್ಡಿಯಿಲ್ಲ.

ವಕೀಲರು ಯಾವಾಗ ಬೇಕೇ ಬೇಕು

ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕೇನಲ್ಲ. 1984ರ ಕಾಯ್ದೆಯ 13ನೇ ಕಲಂ ಹಾಗೆನ್ನುತ್ತದೆ. ಜನ ತಮ್ಮ ಕಷ್ಟವನ್ನು ತಾವೇ ಜಡ್ಜ್ ಮುಂದೆ ಹೇಳಿಕೊಳ್ಳಲಿ ಎಂಬುದು ಅದರ ಆಶಯ. ರೂಢಿಯಲ್ಲಿ ಅನುಮತಿ ಕೇಳಿದರೆ ಸಿಗುತ್ತದೆ, ಎರಡೂ ಕಡೆ ವಕಾಲತ್ತು ಇರುತ್ತದೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನ, ಮಗುವಿನ ವಿಷಯದಲ್ಲೂ ಇಬ್ಬರದೂ ಒಂದೇ ಮಾತು ಎಂದಾದರೆ ನೀವೇ ನಿಭಾಯಿಸಬಹುದು. ಆಗಲೂ ಸಹಿ ಹಾಕುವ ಮೊದಲು ಒಪ್ಪಂದದ ಕರಡನ್ನು ಒಬ್ಬ ವಕೀಲರಿಗೆ ಫೀಸು ಕೊಟ್ಟು ಓದಿಸಿ. ಎದುರು ಕಡೆಯ ವಕೀಲರೇ "ಇಬ್ಬರಿಗೂ ನಾನೇ ಮಾಡಿಕೊಡ್ತೀನಿ" ಎಂದರೆ ಒಪ್ಪಬೇಡಿ. ಒಪ್ಪಿಗೆಯಿಂದಾದ ಆದೇಶದ ವಿರುದ್ಧ ಮೇಲ್ಮನವಿಯೂ ಇಲ್ಲ.

ಈ ಸಂದರ್ಭಗಳಲ್ಲಿ ಮಾತ್ರ ಒಂದು ದಿನವೂ ಕಾಯಬಾರದು:

– ಮಗುವನ್ನು ಎದುರಿನವರು ಕರೆದೊಯ್ದು ಎಲ್ಲಿದೆ ಎಂದೇ ಹೇಳುತ್ತಿಲ್ಲ.
– ನಿಮ್ಮ ಗೈರಿನಲ್ಲಿ ಮಧ್ಯಂತರ ಆದೇಶ ಆಗಿಹೋಗಿದೆ.
– ಹಿಂಸೆ, ವರದಕ್ಷಿಣೆ ಕಿರುಕುಳ ಅಥವಾ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ದೂರು ಯಾರ ಮೇಲಾದರೂ ದಾಖಲಾಗಿದೆ. ಇಲ್ಲಿ ಒಂದು ಕೋರ್ಟಿನಲ್ಲಿ ಹೇಳಿದ ಮಾತು ಇನ್ನೊಂದು ಕೋರ್ಟಿನಲ್ಲಿ ನಿಮಗೆ ಉರುಳಾಗಬಹುದು. ಮಗುವಿನ ಮೇಲೆ ನಿಜಕ್ಕೂ ದೌರ್ಜನ್ಯವಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮುಚ್ಚಿಡಬೇಡಿ. ಕಸ್ಟಡಿ ಗೆಲ್ಲಲೆಂದು ಅಂಥ ಆರೋಪ ಹೊರಿಸುವುದು ಮಗುವಿನ ಮೇಲೇ ಮಾಡುವ ಕ್ರೌರ್ಯ.
– ಕೇಸು ಸಾಕ್ಷ್ಯದ ಹಂತಕ್ಕೆ ಬಂದಿದೆ. ಪಾಟೀಸವಾಲನ್ನು ಸ್ವತಃ ಎದುರಿಸಿ, ಸ್ವತಃ ಮಾಡುವುದು ಬಹುತೇಕರಿಗೆ ಆಗದ ಕೆಲಸ.
– ಮಗುವಿನ ಹೆಸರಿನಲ್ಲಿ ಜಮೀನು, ಸೈಟು ಇದೆ. ಕೋರ್ಟಿನ ಅನುಮತಿ ಇಲ್ಲದೆ ಸ್ವಾಭಾವಿಕ ಪೋಷಕರೂ ಅದನ್ನು ಮಾರುವಂತಿಲ್ಲ.
– ವಿಷಯ ದೇಶದ ಗಡಿ ದಾಟಿದೆ.

ಕೊನೆಯದು ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರಿಗೆ ಹೆಚ್ಚು ತಟ್ಟುವ ವಿಷಯ. ಅಲ್ಲಿ ಹುಟ್ಟಿದ ಮಗುವನ್ನು ಮೈಸೂರಿನ ಅಜ್ಜಿ ಮನೆಗೆ ಕರೆತಂದು ವಾಪಸ್ ಹೋಗದಿದ್ದಾಗ, ಅಲ್ಲಿನ ಕೋರ್ಟು ಮಗುವನ್ನು ಹಿಂದಿರುಗಿಸಿ ಎಂದು ಆದೇಶಿಸಿರುತ್ತದೆ. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ಆ ಆದೇಶ ಇಲ್ಲಿ ತಾನಾಗಿ ಜಾರಿಯಾಗುವುದಿಲ್ಲ. ವಿದೇಶಿ ಆದೇಶ ಪರಿಗಣಿಸಬೇಕಾದ ಒಂದು ಅಂಶ ಮಾತ್ರ, ಮಗುವಿನ ಹಿತವೇ ಮೇಲು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಹಾಗೆಂದು ಇಲ್ಲಿಗೆ ಬಂದವರು ನಿಶ್ಚಿಂತರಾಗಬೇಕಿಲ್ಲ. ವಾಪಸ್ ಕಳುಹಿಸಿದ ತೀರ್ಪುಗಳೂ ಇವೆ, ಮೇಲಾಗಿ ಆ ದೇಶಕ್ಕೆ ಕಾಲಿಟ್ಟ ದಿನ ಬಂಧನದ ಭಯವೂ ಇರಬಹುದು. ಎರಡೂ ದೇಶಗಳ ವಕೀಲರು ಬೇಕು, ವಿಮಾನ ಹತ್ತುವ ಮೊದಲೇ ಬೇಕು.

ವಕೀಲರನ್ನು ಆರಿಸುವಾಗ ಒಂದೇ ಪ್ರಶ್ನೆ ಕೇಳಿ: "ನನ್ನ ಮಗುವಿಗೆ ಯಾವ ವ್ಯವಸ್ಥೆ ಒಳ್ಳೆಯದು ಅಂತೀರಿ?" ಉತ್ತರದಲ್ಲಿ ಎದುರಿನವರನ್ನು ಹೇಗೆ ಸಿಕ್ಕಿಸುವುದು ಎಂಬುದೇ ತುಂಬಿದ್ದರೆ ಬೇರೆಯವರನ್ನು ನೋಡಿ. ಫೀಸು ವಾಯಿದೆಗಿಷ್ಟೋ ಕೇಸಿಗಿಷ್ಟೋ ಎಂಬುದನ್ನು ಮೊದಲೇ ಕೇಳಿ ಬರೆಸಿಕೊಳ್ಳಿ.

ದುಡ್ಡಿಲ್ಲ ಎಂದು ಸುಮ್ಮನಿರಬೇಡಿ

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಯಾವ ಮಹಿಳೆಗೂ, ಯಾವ ಮಗುವಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೂ ಈ ಸೌಲಭ್ಯ ಇದೆ, ತಂದೆಯರೂ ಇದರಲ್ಲಿ ಬರುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಆಧಾರ್ ಪ್ರತಿ, ನಿಮಗೆ ಬಂದ ಸಮನ್ಸ್ ತೆಗೆದುಕೊಂಡು ಹೋಗಿ ಅರ್ಜಿ ಬರೆದುಕೊಡಿ. ಸಹಾಯವಾಣಿ 15100.

ಆದೇಶ ಬಂದ ಮೇಲೆ

ಅಂತಿಮ ಆದೇಶದ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಹೋಗಲು 30 ದಿನ ಎಂದೇ ಲೆಕ್ಕ ಇಟ್ಟುಕೊಳ್ಳಿ. ಮಧ್ಯಂತರ ಆದೇಶದ ಮೇಲೆ ಮೇಲ್ಮನವಿ ಇಲ್ಲ, ರಿಟ್ ಅರ್ಜಿಯ ದಾರಿ ಹಿಡಿಯಬೇಕು.

ಕಸ್ಟಡಿ ಆದೇಶ ಎಂದೂ ಕಲ್ಲಿನ ಮೇಲಿನ ಬರಹವಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಅದನ್ನು ಮಾರ್ಪಡಿಸಬಹುದು ಎಂದು ಸುಪ್ರೀಂ ಕೋರ್ಟು 1973ರಷ್ಟು ಹಿಂದೆಯೇ ಹೇಳಿದೆ. ಕಸ್ಟಡಿ ಸಿಕ್ಕವರಿಗೆ ದೂರದ ಊರಿಗೆ ವರ್ಗಾವಣೆಯಾಯಿತು, ಕಾಯಿಲೆ ಬಂತು, ಮಗು ಹೈಸ್ಕೂಲಿಗೆ ಬಂದು ಅದರ ಇಷ್ಟ ಬದಲಾಯಿತು ಎಂದಾಗ ಮತ್ತೆ ಅದೇ ಕೋರ್ಟಿಗೆ ಹೋಗಬಹುದು.

ಭೇಟಿಗೆ ಮಗುವನ್ನು ಕಳುಹಿಸುತ್ತಿಲ್ಲ ಎಂದು ಜೀವನಾಂಶ ನಿಲ್ಲಿಸಬೇಡಿ. ಜೀವನಾಂಶ ಬಂದಿಲ್ಲ ಎಂದು ಮಗುವನ್ನು ತಡೆಯಲೂಬೇಡಿ. ಎರಡಕ್ಕೂ ಪ್ರತ್ಯೇಕ ಪರಿಹಾರ ಇದೆ: ಬಾಕಿ ವಸೂಲಿಗೆ ಒಂದು ಅರ್ಜಿ, ಭೇಟಿಯ ಆದೇಶ ಜಾರಿಗೆ ಇನ್ನೊಂದು. ಭೇಟಿ ತಪ್ಪಿದ ಪ್ರತಿ ಸಲ ದಿನಾಂಕ, ಕಾದ ಜಾಗ, ಕಳುಹಿಸಿದ ಮೆಸೇಜು ಬರೆದಿಡಿ. ಆದೇಶದ ದೃಢೀಕೃತ ನಕಲನ್ನು ಎರಡು ಮೂರು ಪ್ರತಿ ಪಡೆದು ಒಂದನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ ಕೊಡಿ. ಮಗುವನ್ನು ಯಾವ ದಿನ ಯಾರ ಜೊತೆ ಕಳುಹಿಸಬೇಕು ಎಂಬುದು ಗೇಟಿನಲ್ಲಿರುವವರಿಗೂ ಸ್ಪಷ್ಟವಾಗಿ ಗೊತ್ತಿರಬೇಕು.